ಕಫದಲ್ಲಿ ರೋಗಾಣು ಇದ್ದ ಮೇಲೂ ಲಸಿಕೆ ಬೇಕೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ, ವಯಸ್ಸು 56. ಇಪ್ಪತ್ತು ವರ್ಷದ ಹಿಂದೆ ಕ್ಷಯ ಬಂದು, ಪೂರ್ತಿ ಔಷಧಿ ತೆಗೆದುಕೊಂಡು ಗುಣವಾಗಿತ್ತು. ಈಗ ಮೂರು ವರ್ಷದಿಂದ ದಿನವೂ ಬೆಳಿಗ್ಗೆ ಅರ್ಧ ಲೋಟ ಹಸಿರು ಕಫ ಬೀಳುತ್ತದೆ. ಸ್ಕ್ಯಾನಿನಲ್ಲಿ ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳ ಹಿಗ್ಗಿ ಹಾಳಾಗಿರುವುದು), ಕಫ ಪರೀಕ್ಷೆಯಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಎಂದು ಬಂದಿದೆ. ವೈದ್ಯರು ಫ್ಲೂ, ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಿ ಎನ್ನುತ್ತಾರೆ. ರೋಗಾಣು ಒಳಗೇ ಕುಳಿತಿರುವಾಗ ಲಸಿಕೆಯಿಂದ ಏನು ಪ್ರಯೋಜನ? ನನ್ನಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲವೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ ಕಫದ ಹಸಿರು ಬಹುಪಾಲು ಬಿಳಿ ರಕ್ತಕಣಗಳೊಳಗಿನ ಒಂದು ಕಿಣ್ವದ ಬಣ್ಣ. ಗುದ್ದಾಡಿ ಸತ್ತ ಕಣಗಳನ್ನೇ ನೀವು ದಿನವೂ ಲೋಟದಲ್ಲಿ ನೋಡುತ್ತಿದ್ದೀರಿ. ಶಕ್ತಿ ಇಲ್ಲ ಎನ್ನುವುದು ಹೇಗೆ? ಸ್ಯೂಡೋಮೊನಾಸ್ ಬಹುಕಾಲ ಬೀಡುಬಿಟ್ಟವರ ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯಗಳು (ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು) ಸಾಮಾನ್ಯವಾಗಿ ಧಾರಾಳವಾಗಿಯೇ ಇರುತ್ತವೆ.

ಆದರೂ ಅದು ಹೋಗದು. ಹಿಗ್ಗಿದ ಶ್ವಾಸನಾಳದ ಗೋಡೆಗೆ ಅದು ಲೋಳೆ ಹೊದ್ದು ಅಂಟಿಕೊಂಡಿರುತ್ತದೆ, ಆಷಾಢದಲ್ಲಿ ಅಂಗಳದ ಕಲ್ಲಿಗೆ ಹಾವಸೆ ಕಟ್ಟಿದ ಹಾಗೆ. ಒಳಹೊಕ್ಕು ಕೊಲ್ಲಲಾಗದ ಬಿಳಿ ರಕ್ತಕಣಗಳು ಇಲಾಸ್ಟೇಸ್ ಎಂಬ ಕಿಣ್ವವನ್ನು ಸುರಿಸುತ್ತವೆ. ಅದು ನಾಳದ ಗೋಡೆಯನ್ನೇ ಕೊರೆಯುತ್ತದೆ, ನಮ್ಮದೇ ಪ್ರತಿಕಾಯಗಳನ್ನೂ ಕತ್ತರಿಸುತ್ತದೆ. ಹಾಗಿರುವಾಗ ‘ಇಮ್ಯುನಿಟಿ ಹೆಚ್ಚಿಸುವ’ ಡಬ್ಬಿಗಳಿಗೆ ದುಡ್ಡು ಹಾಕಬೇಡಿ. (ಜೀರಿಗೆ ಕಷಾಯಕ್ಕೆ ನನ್ನ ತಕರಾರಿಲ್ಲ, ನಾನೂ ಕುಡಿಯುತ್ತೇನೆ.) ಒಮ್ಮೆ ರಕ್ತದಲ್ಲಿ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಪ್ರತಿಕಾಯಗಳ, ಪ್ರಮಾಣ ನೋಡಿಸಿ, ಕೆಲವರಲ್ಲಿ ಅದು ನಿಜಕ್ಕೂ ಕಡಿಮೆಯಿದ್ದು, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ.

ಇನ್ನು ಲಸಿಕೆ. ಸ್ಯೂಡೋಮೊನಾಸ್‌ಗೆ ಬಳಕೆಗೆ ಬಂದ ಲಸಿಕೆ ಇಲ್ಲ. ಕೆಲವು ಮನುಷ್ಯರ ಮೇಲಿನ ಪ್ರಯೋಗದವರೆಗೂ ಹೋಗಿ ಅಲ್ಲಿಗೇ ನಿಂತವು. ನಿಮ್ಮ ವೈದ್ಯರು ಹೇಳಿದ್ದು ಇನ್ನೂ ಒಳಗೆ ಬಾರದ ಬೇರೆ ರೋಗಾಣುಗಳ ವಿಚಾರ. ಬೋರ್ಡೋ ದ್ರಾವಣ ಹೊಡೆಯುವುದು ಕೊಳೆರೋಗ ಹತ್ತಿದ ಅಡಿಕೆ ಗೊನೆಗಲ್ಲ, ಹತ್ತದ ಗೊನೆಗೆ ಎಂದು ನಿಮಗೆ ಹೇಳಿಕೊಡಬೇಕಿಲ್ಲ. ಫ್ಲೂ ಬಂದರೆ ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಹಾಳಾಗುತ್ತವೆ. ಕಫ ನಿಂತು, ಒಳಗಿದ್ದ ಹಳೆಯ ಸೋಂಕು ಕೆರಳುತ್ತದೆ. ಹೀಗೆ ಕೆರಳಿದಾಗ ಕಳೆದುಕೊಂಡ ಉಸಿರಿನ ಶಕ್ತಿ ಪೂರ್ತಿ ಮರಳದೆ ಇರಬಹುದು.

ನಮ್ಮಲ್ಲಿ ಫ್ಲೂ ಮಳೆಗಾಲದಲ್ಲಿ ಏರುತ್ತದೆ. ಲಸಿಕೆ ಫಲ ಕೊಡಲು ಸುಮಾರು 2 ವಾರ ಬೇಕು. ಮಳೆಗೆ ಮುಂಚೆ ಬೋರ್ಡೋಗೆ ಮೈಲುತುತ್ತ ತರಲು ಪೇಟೆಗೆ ಹೋಗುತ್ತೀರಲ್ಲ, ಅಂದೇ ಹಾಕಿಸಿಕೊಂಡು ಬನ್ನಿ, ಪ್ರತಿ ವರ್ಷವೂ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾಕ್ಕೆ, ಅದರ 13 ಬಗೆಗಳನ್ನು ತಡೆಯುವ ಲಸಿಕೆ ಮೊದಲು, ವರ್ಷದ ನಂತರ 23 ಬಗೆಗಳನ್ನು ತಡೆಯುವುದು; 20 ಬಗೆಗಳನ್ನು ತಡೆಯುವುದು ಸಿಕ್ಕರೆ ಅದೊಂದೇ ಸಾಕು. ಜ್ವರ ಏರಿದ ದಿನ ಬೇಡ.

ಹಾವಸೆಯನ್ನಂತೂ ತಿಕ್ಕಿಯೇ ತೆಗೆಯಬೇಕು: ಕಫ ಹೊರಹಾಕುವ ಉಸಿರಾಟದ ಕ್ರಮವನ್ನು ಫಿಸಿಯೋಥೆರಪಿಸ್ಟ್ ಬಳಿ ಕಲಿತು ದಿನವೂ ಮಾಡಿ. ಅಡಿಕೆ ಬೇಯಿಸುವ ಒಲೆಯ ಮುಂದೆ ಬೇರೆಯವರನ್ನು ಕೂರಿಸಿ. ಕ್ಷಯದ ಕಫ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಕಫದಲ್ಲಿ ರಕ್ತ ಕಂಡರಂತೂ ಮಳೆ ನಿಲ್ಲಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಹೊರಡಿ.