‘ನಿರ್ಬಂಧ’ ಎಂದರೆ ಯಾವ ನಿರ್ಬಂಧ?

ಪ್ರಶ್ನೆ: ಕಾಸರಗೋಡಿನ ಕನ್ನಡ–ಮಲಯಾಳ ವಿಷಯದಲ್ಲಿ ಎರಡೂ ಕಡೆಯ ನಾಯಕರು ಫೇಸ್‌ಬುಕ್ಕಿನಲ್ಲಿ ಬರೆಯುವುದನ್ನು ನಮ್ಮ ವಾಚನಾಲಯದಲ್ಲಿ ಚರ್ಚಿಸುತ್ತೇವೆ. ಪ್ರತಿ ಸಲವೂ ಜಗಳವಾಗುತ್ತದೆ. ಯಾವುದು ಟೀಕೆ, ಯಾವುದು ಮಿತಿ ಮೀರಿದ ಮಾತು ಎಂದು ತೂಗಲು ಕ್ರಮವಿದೆಯೆ?
– ಓದುಗರೊಬ್ಬರು, ಪೆರ್ಲ

ಉತ್ತರ: ಇದೆ. ಆದರೆ ಕಾಸರಗೋಡಿನಲ್ಲಿ ತೂಗುವ ಮೊದಲು ಮಾತು ಯಾವ ಭಾಷೆಯದ್ದು ಎಂದು ನೋಡಬೇಕು. ಮಲಯಾಳದಲ್ಲಿ ‘ನಿರ್ಬಂಧಂ’ ಎಂದರೆ ಕಡ್ಡಾಯ, ಒತ್ತಾಯ. ನಮಗೆ ನಿರ್ಬಂಧವೆಂದರೆ ತಡೆ. ಅಲ್ಲಿನ ‘ಅವಕಾಶಂ’ ಹಕ್ಕು, ‘ಅನುವಾದಂ’ ಅನುಮತಿ. ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದ ಕೇರಳದ 2017ರ ಕಾನೂನಿನ ಬಗ್ಗೆ ಯಾರಾದರೂ ‘ಮಲಯಾಳಂ ನಿರ್ಬಂಧಂ’ ಎಂದು ಬರೆದು, ಅದು ಹಾಗೆಯೇ ಕನ್ನಡ ಲಿಪಿಗಿಳಿದು ವಾಟ್ಸಾಪಿಗೆ ಬಂದರೆ ಅರ್ಥವೇ ತಲೆಕೆಳಗು. ಹಾಗಾಗಿ ಮೂಲ ಪೋಸ್ಟನ್ನೇ ತೆರೆದು, ಮಲಯಾಳ ಚೆನ್ನಾಗಿ ಬಲ್ಲವರಿಂದ ಓದಿಸಿ. ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಲಿಂಕ್ ಬರೆದಿಡಿ. ತಿದ್ದಿದ ಪೋಸ್ಟಾದರೆ ಮೂರು ಚುಕ್ಕಿ ಒತ್ತಿ ‘ಎಡಿಟ್ ಹಿಸ್ಟರಿ’ ನೋಡಿ. ವಿಡಿಯೊ ತುಣುಕಾದರೆ ಹಿಂದುಮುಂದಿನ ಎರಡು ನಿಮಿಷವಾದರೂ ಕೇಳಿ. ಎದುರಾಳಿಯದೆಂದು ಹೇಳಿ ತೋರಿಸಿದ ಮಾತೇ ಕತ್ತರಿ ಬಿದ್ದ ಮೇಲೆ ಹೇಳಿದವರ ಸ್ವಂತದ್ದಾಗಿಬಿಡುತ್ತದೆ.

ಪೋಸ್ಟನ್ನು ಇಡಿಯಾಗಿ ತೂಗಬೇಡಿ, ವಾಕ್ಯ ವಾಕ್ಯ ಬಿಡಿಸಿ. ‘ಈ ಶಾಲೆಯಲ್ಲಿ ಕನ್ನಡ ಮೇಷ್ಟ್ರೇ ಇಲ್ಲ’ ಎಂಬುದು ಪರೀಕ್ಷಿಸಬಹುದಾದ ಸಂಗತಿ. ‘ಈ ಕಾನೂನು ಅನ್ಯಾಯ’ ಅಭಿಪ್ರಾಯ. ಎಷ್ಟೇ ಖಾರವಾಗಿದ್ದರೂ ಅದು ತಪ್ಪಲ್ಲ. ‘ಅವರೆಲ್ಲ ಉಂಡ ಮನೆಗೆ ಎರಡು ಬಗೆಯುವವರು’ ಎಂದರೆ ಇಡೀ ಸಮುದಾಯದ ನಿಂದೆ. ಅಳತೆಗೋಲು ಬೇಕಿದ್ದರೆ ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆಯ ಮೊದಲ ಭಾಗ ಓದಿ: ಟೀಕೆ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸಕ್ಕೆ ಸೀಮಿತವಾಗಿರಲಿ, ಸಾರ್ವಜನಿಕ ಕೆಲಸಕ್ಕೆ ಸಂಬಂಧಪಡದ ಖಾಸಗಿ ಬದುಕು ಬೇಡ, ಖಚಿತಪಡಿಸಿಕೊಳ್ಳದ ಆರೋಪ ಬೇಡ. ಅದು ಜಾರಿಯಲ್ಲಿರುವುದು ಚುನಾವಣೆಯ ಹೊತ್ತಿಗೆ ಮಾತ್ರ, ಆದರೆ ನಿಮ್ಮ ಚರ್ಚೆಗೆ ವರ್ಷವಿಡೀ ಆಗುತ್ತದೆ.

ಎಡವುವುದು ನಮ್ಮವರ ಪೋಸ್ಟು ಬಂದಾಗ. ‘ಮಹಾಜನ ವರದಿ ಕಾಸರಗೋಡನ್ನು ಪೂರ್ತಿ ಕರ್ನಾಟಕಕ್ಕೆ ಕೊಟ್ಟಿದೆ’ ಎಂದು ಕನ್ನಡದ ನಾಯಕರೊಬ್ಬರು ಬರೆದರೆ ನಾವು ಲೈಕ್ ಒತ್ತುತ್ತೇವೆ. ರಾಜ್ಯಗಳ ಗಡಿ ವಿವಾದದ ಬಗೆಗಿನ 1967ರ ಆ ವರದಿ ಕರ್ನಾಟಕಕ್ಕೆಂದು ಹೇಳಿದ್ದು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮಾತ್ರ, ಅದೂ ಶಿಫಾರಸು. ಆದ್ದರಿಂದ ಹೆಸರು, ಪಕ್ಷ, ಫೋಟೊ ಮುಚ್ಚಿ ಇಬ್ಬರು ಬೇರೆ ಬೇರೆ ಕುಳಿತು ಪ್ರತಿ ವಾಕ್ಯಕ್ಕೂ ಸಂಗತಿ, ಅಭಿಪ್ರಾಯ, ನಿಂದೆ ಎಂದು ಗುರುತು ಹಾಕಲಿ, ಆಮೇಲೆ ಹೋಲಿಸಿ. ಗುರುತು ಕೂಡದ ವಾಕ್ಯಗಳನ್ನಷ್ಟೇ ಚರ್ಚೆಗೆ ತನ್ನಿ.

ಪ್ರಶ್ನೆ: ಮಂತ್ರಿ ಬರೆದದ್ದನ್ನು ಸರಕಾರದ ಮಾತೆಂದೇ ಎಣಿಸಬಹುದೆ?
– ಓದುಗರೊಬ್ಬರು, ಕುಂಬಳೆ

ಉತ್ತರ: ಕಾನೂನಿನ ಪ್ರಕಾರ ಇಲ್ಲ. 2023ರ ಜನವರಿ 3ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಕೌಶಲ್ ಕಿಶೋರ್ ಪ್ರಕರಣದಲ್ಲಿ ಬಹುಮತದಿಂದ ಹಾಗೆಂದಿತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮಾತ್ರ, ಮಂತ್ರಿಯ ಅವಹೇಳನದ ಮಾತು ಸರಕಾರದ ನಿಲುವೂ ಆಗಿದ್ದರೆ ಹೊಣೆ ಸರಕಾರದ್ದೂ ಹೌದು ಎಂದು ಬೇರೆಯೇ ಬರೆದರು. ನೀತಿಯ ದೃಷ್ಟಿಯಿಂದ ನಮಗೆ ಈ ಎರಡನೆಯದೇ ಸರಿಯೆನಿಸುತ್ತದೆ. ಪೋಸ್ಟು ಬಂದ ಮೇಲೆ ಸರಕಾರದ ಆದೇಶವೋ ಸುತ್ತೋಲೆಯೋ ಅದೇ ಧಾಟಿಯಲ್ಲಿ ಹೊರಟಿದೆಯೇ ಎಂದು ನೋಡಿ.