ಸಾವಿನ ಮನೆಯಲ್ಲಿ ದಿನವಿಡೀ ಭಜನೆ ಹಚ್ಚುವ ಮುಂಚೆ

"ದಿನಾ ಭಕ್ತಿಗೀತೆ ಹಚ್ಚತೀವ್ರಿ, ಆದ್ರೂ ಅವ್ವ ಸುಧಾರಿಸವಲ್ಲಳು." ಬೆಳಗಾವಿಯ ನಮ್ಮ ಆಪ್ತಸಲಹಾ ಕೋಣೆಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳುತ್ತೇನೆ. ಮನೆಯವರ ಪ್ರೀತಿಯ ಬಗ್ಗೆ ಅನುಮಾನವಿಲ್ಲ. ಆದರೆ ಆ ಹಾಡು ಅವ್ವನಿಗೆ ಈಗ ಬೇಕಾ ಎಂದು ಯಾರೂ ಅವ್ವನನ್ನು ಕೇಳಿರುವುದಿಲ್ಲ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಬೈಲಹೊಂಗಲ ಕಡೆಯ ತಾಯಿ, ಐವತ್ತು ದಾಟಿದವರು. ಬೈಕ್ ಅಪಘಾತದಲ್ಲಿ ಮಗ ತೀರಿಕೊಂಡಿದ್ದ. ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ಮನೋವೈದ್ಯರು ಗುಳಿಗೆ ಕೊಟ್ಟಿದ್ದರು. ಊರಿನ ಭಜನಾ ಮೇಳದಲ್ಲಿ ಮುಂದೆ ಕೂತು ಹಾಡುತ್ತಿದ್ದವರು ಈಗ ಗುಡಿ ಕಡೆ ಹಾಯುತ್ತಲೇ ಇರಲಿಲ್ಲ. ಹಾಡು, ಸಮಾಧಾನ ಆಗುತ್ತದೆ ಎಂದು ಎಲ್ಲರ ಒತ್ತಾಯ.

ಮೊದಮೊದಲು ಅವರು ಜಾಸ್ತಿ ಮಾತಾಡಲಿಲ್ಲ. ಒಂದು ದಿನ ಹೊರಗೆ ಕೂತಿದ್ದ ಮಗಳ ಮೊಬೈಲ್ ರಿಂಗಾಯಿತು. ರಿಂಗ್‌ಟೋನೂ ತತ್ವಪದವೇ. ಇವರು ಎರಡೂ ಕಿವಿ ಮುಚ್ಚಿಕೊಂಡರು. ಯಾಕಮ್ಮ ಎಂದೆ.

"ಊರಾಗ ಯಾರ ಸತ್ರೂ ಹೆಣದ ಮುಂದ ಬೆಳತನಕ ಭಜನಿ ಹಾಡಿದಾಕಿ ನಾನು. ನನ್ನ ಮಗನ ಮುಂದ ಬಾಯೇ ತೆರೀಲಿಲ್ಲ. ಮಂದಿಗೆ ಹಾಡೀನಿ, ಅವಂಗ ಹಾಡಲಿಲ್ಲ. ಈಗ್ಯಾವ ಬಾಯಿಲೆ ಹಾಡ್ಲಿ?"

ಅಲ್ಲಿಯವರೆಗೆ ಎಲ್ಲರೂ ಇವರಿಗೆ ದೇವರ ಮೇಲೆ ಸಿಟ್ಟು ಎಂದುಕೊಂಡಿದ್ದರು. ಸಿಟ್ಟು ತಮ್ಮ ಮೇಲೆಯೇ ಇತ್ತು. ಮನೆಯಲ್ಲಿ ಹಚ್ಚಿದ ಪ್ರತಿ ಹಾಡೂ ಆ ರಾತ್ರಿಯನ್ನು ಎದುರಿಗೆ ತಂದು ನಿಲ್ಲಿಸುತ್ತಿತ್ತು.

ನಾನು ಸಮಾಧಾನ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: "ನೀವು ಭಜನೆಗೆ ಹೋದ ಮನೆಗಳಲ್ಲಿ ಸತ್ತವರ ತಾಯಿ ಹಾಡುತ್ತಿದ್ದಳಾ?"

ಬಹಳ ಹೊತ್ತು ನೆಲ ನೋಡುತ್ತಾ ಕೂತರು. "ಇಲ್ರಿ. ಆಕಿ ಹೆಂಗ ಹಾಡ್ಯಾಳು? ಆಕಿ ಕಡೆ ಆಗೂದಿಲ್ಲಂತನ ನಾವು ಹೋಗತಿದ್ವಿ." ಅಂದವರೇ ಅಳಲು ಶುರು ಮಾಡಿದರು. ಮಗ ಹೋದ ಮೇಲೆ ಅಷ್ಟು ಅತ್ತಿದ್ದು ಅವತ್ತೇ ಅಂತೆ. ಆ ರಾತ್ರಿ ಮೇಳದವರು ಬಂದಿದ್ದರಾ ಎಂದೆ. ಬಂದಿದ್ದರು. ಬೆಳತನಕ ಹಾಡಿದ್ದರು. ಹಾಗಿದ್ದರೆ ನಿಮ್ಮ ಮಗ ಹಾಡಿಲ್ಲದೆ ಹೋಗಲಿಲ್ಲ ಎಂದೆ.

ಮನೆಯವರಿಗೆ ಮೊದಲ ಸಲಹೆ: ಮೊಬೈಲ್ ಭಜನೆ ನಿಲ್ಲಿಸಿ. ತಾಯಿಗೆ: ಗುಳಿಗೆ ಬಿಡಬೇಡಿ. ಮನಸ್ಸಾದರೆ ಸೋಮವಾರ ಗುಡಿಗೆ ಹೋಗಿ, ಹಿಂದೆ ಕೂತುಕೊಳ್ಳಿ, ಹಾಡಬೇಡಿ. ಕೈ ತಾನಾಗಿ ತಾಳಕ್ಕೆ ಹೋದರೆ ಹೋಗಲಿ. ಮೇಳದವರಿಗೆ: ಅವರನ್ನು ಮುಂದೆ ಕರೆಯಬೇಡಿ.

ಅವರ ಮೈದುನ ಬೇಜಾರಾದರು. ದೇವರ ಹಾಡು ಬಂದ್ ಮಾಡಿಸೋದು ಸರಿಯಲ್ಲ ಎಂದರು. ಇದೇ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಕತೆ ಅವರಿಗೆ ಹೇಳಿದೆ. ಕ್ಷಯ ಬಂದು ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಮಧ್ಯಪ್ರದೇಶದ ದೇವಾಸದಲ್ಲಿ ಹಾಸಿಗೆ ಹಿಡಿದು ಮಾಳವದ ಜನಪದ ಹಾಡು ಕೇಳಿಸಿಕೊಂಡರು. ಮುಂದೆ ಅವರು ಹಾಡಿದ ಕಬೀರನ ನಿರ್ಗುಣ ಭಜನೆ ಇಡೀ ದೇಶ ಕೇಳಿತು. ಹಾಡು ನಿಂತ ಕಾಲದಲ್ಲಿ ಅವರನ್ನು ಯಾರೂ ಹಾಡು ಎಂದು ದಬಾಯಿಸಲಿಲ್ಲ ಅಲ್ವಾ?

ಧರ್ಮದ ವಿಷಯಕ್ಕೆ ಕೈ ಹಾಕಬಾರದು ಎನ್ನುವ ಸಹೋದ್ಯೋಗಿಗಳೂ ಇದ್ದಾರೆ. ಭಜನೆಯನ್ನು ನಾನು ತಂದಿದ್ದಲ್ಲ, ಆ ತಾಯಿಯ ಬದುಕಿನಲ್ಲಿ ಮೊದಲೇ ಇತ್ತು. ಅದನ್ನು ಬಿಟ್ಟು ಅವರ ದುಃಖದ ಬಗ್ಗೆ ಮಾತಾಡುವುದು ಹೇಗೆ? ಹಾಡುವಾಗ ಉಸಿರು ನಿಧಾನವಾಗಿ ಹೊರಗೆ ಹೋಗುತ್ತದೆ, ಎದೆಬಡಿತ ತಗ್ಗುತ್ತದೆ. ಗುಂಪಿನಲ್ಲಿ ಉಸಿರು ಒಂದೇ ಲಯಕ್ಕೆ ಬರುತ್ತದೆ. ಅದಕ್ಕಿಂತ ದೊಡ್ಡದು ಭಜನೆಯ ರೀತಿ: ಒಬ್ಬರು ನುಡಿ ಎತ್ತುತ್ತಾರೆ, ಉಳಿದವರು ಹಿಮ್ಮೇಳ ಹಿಡಿಯುತ್ತಾರೆ. ಒಬ್ಬರ ಗಂಟಲು ಕಟ್ಟಿದರೂ ಪದ ನಿಲ್ಲುವುದಿಲ್ಲ. ಮನೆಯ ಮೂಲೆಯ ಮೊಬೈಲ್ ಇದನ್ನು ಕೊಡಲಾರದು.

ಆ ತಾಯಿ ಕೆಲವು ವಾರ ಸುಮ್ನೆ ಕೂತು ಬಂದರು. ಆಮೇಲೆ ತಾಳ ಹಿಡಿದರು. ಶ್ರಾವಣದಲ್ಲಿ ಹಿಮ್ಮೇಳಕ್ಕೆ ದನಿಗೂಡಿಸಿದರು. ನಿದ್ದೆ ಸುಧಾರಿಸಿದೆ, ಗುಳಿಗೆ ನಡೆದಿದೆ. ಮೊನ್ನೆ ಊರಲ್ಲಿ ಒಂದು ಸಾವಾಯಿತು, ಭಜನೆಗೆ ಹೋಗಲಾ ಎಂದು ಫೋನ್ ಮಾಡಿ ಕೇಳಿದರು. ಈ ವರ್ಷ ಬೇಡ, ಬೇರೆಯವರು ಹಾಡಲಿ ಎಂದೆ.