ಪ್ರತಿಕ್ರಿಯೆ: ದುಬೈಲಿರೋ ಮಗನಿಗೆ ಊರಿನ ಉಸ್ತಾದರ ಕ್ಲಾಸ್, ವಾಟ್ಸಾಪ್ ಸಾಕಾ ಝೂಮ್ ಬೇಕಾ?
ವ ಅಲೈಕುಮುಸ್ಸಲಾಂ ಭಾಯ್. ಯುಎಇಲಿ ವಾಟ್ಸಾಪ್ ಕಾಲ್ ಸಾಮಾನ್ಯವಾಗಿ ಬ್ಲಾಕ್ ಇರುತ್ತೆ, ನಿಮಗೇ ಗೊತ್ತಲ್ಲ, ಹಾಗಾಗಿ ಮಗನಿಗೆ ಕುರ್‌ಆನ್ ಓದಿಸೋ ಲೈವ್ ಕ್ಲಾಸಿಗೆ ಝೂಮೇ ಸರಿ, ಫ್ರೀ ಅಕೌಂಟಿನ 40 ನಿಮಿಷ ಸಣ್ಣ ಮಕ್ಕಳಿಗೆ ಜಾಸ್ತೀನೇ ಆಯ್ತು. ಆದ್ರೆ ಝೂಮ್ ತಾನಾಗೇ ಹಿನ್ನೆಲೆಯ ಗಲಾಟೆ ಕಮ್ಮಿ ಮಾಡುತ್ತಲ್ಲ, ಅದು ಉದ್ದಕ್ಕೆ ಎಳೆಯೋ 'ಮದ್ದ್' ಅನ್ನೋ ದೀರ್ಘ ಸ್ವರಾನೂ ಗಲಾಟೆ ಅಂದ್ಕೊಂಡು ಮಧ್ಯದಲ್ಲೇ ನುಂಗಿಬಿಡಬಹುದು, ಹುಡುಗ ಸರಿಯಾಗೇ ಓದಿದ್ರೂ ಉಸ್ತಾದರಿಗೆ ಕಟ್ ಆಗಿ ಕೇಳುತ್ತೆ, ಸುಮ್ನೆ ಬೈಗುಳ ಇವನಿಗೆ. ಆಡಿಯೋ ಸೆಟ್ಟಿಂಗಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿ, ಇಯರ್‌ಫೋನ್ ಹಾಕ್ಸಿ. ಕ್ಯಾಮೆರಾ ಮುಸ್‌ಹಫ್ (ಕುರ್‌ಆನ್ ಪ್ರತಿ) ಮೇಲಲ್ಲ, ಬಾಯಿ ಕಾಣೋ ಹಾಗಿರ್ಲಿ, ಅರಬಿಯ 'ಸಾ' (ث) ಅಕ್ಷರಕ್ಕೆ ನಾಲಿಗೆ ತುದಿ ಹಲ್ಲಿನ ಸಂದಿಗೆ ಬರ್ಬೇಕು, 'ಸೀನ್'ಗೆ ಬರಬಾರ್ದು, ಇದು ಕೇಳಿ ಗೊತ್ತಾಗೋದಕ್ಕಿಂತ ನೋಡಿ ಗೊತ್ತಾಗೋದೇ ಬೇಗ.

ವಾಟ್ಸಾಪ್‌ನ ಪೂರ್ತಿ ಬಿಡ್ಬೇಡಿ, ವಾಯ್ಸ್ ನೋಟಿಗೇನೂ ಅಡ್ಡಿಯಿಲ್ಲ. ದಿನದ ಸಬಕ್ (ಪಾಠ) ರೆಕಾರ್ಡ್ ಮಾಡಿ ಕಳಿಸ್ಲಿ, ಉಸ್ತಾದರು ಪುರುಸೊತ್ತಲ್ಲಿ ಕೇಳಿ ತಪ್ಪಿದ ಆಯತ್ (ಕುರ್‌ಆನ್ ವಾಕ್ಯ) ಮಾತ್ರ ಓದಿ ವಾಪಸ್ ಹಾಕ್ತಾರೆ. ನಾಲ್ಕೈದು ಮಕ್ಕಳನ್ನ ಸೇರಿಸಿ ಒಟ್ಟಿಗೆ ಓದಿಸೋ ಐಡಿಯಾ ಮಾತ್ರ ಬೇಡ, ಒಬ್ಬೊಬ್ಬರ ದನಿ ಒಂದೊಂದು ಹೊತ್ತಿಗೆ ಬಂದು ಸಂತೆ ಆಗುತ್ತೆ.

ಫಿಕ್‌ಹ್, ತಾರೀಖ್ (ಧರ್ಮದ ನಿಯಮ, ಇಸ್ಲಾಮಿನ ಚರಿತ್ರೆ) ಅಂಥ ಪಾಠಕ್ಕೆ ಲೈವೇ ಬೇಕು ಅಂತಿಲ್ಲ. 2020ರ ಲಾಕ್‌ಡೌನಲ್ಲಿ ಕೇರಳದ 'ಸಮಸ್ತ' ಅನ್ನೋ ಉಲಮಾ ಸಂಘಟನೆಯವರು ಮದ್ರಸ ಪಾಠಗಳನ್ನ ಯೂಟ್ಯೂಬಿಗೇ ಹಾಕಿದ್ರು, ಮಲಯಾಳಂ ಅರ್ಥ ಆದ್ರೆ ಧಾರಾಳ ಸಾಕು. ಊರಿಗೂ ನಿಮಗೂ ಒಂದೂವರೆ ಗಂಟೆ ವ್ಯತ್ಯಾಸ ಬೇರೆ, ಉಸ್ತಾದರ ಇಶಾ ಜಮಾಅತ್ (ರಾತ್ರಿಯ ಸಾಮೂಹಿಕ ನಮಾಜ್) ಹೊತ್ತಿಗೆ ಬೀಳದ ಹಾಗೆ ಟೈಮ್ ಕೇಳ್ಕೊಳ್ಳಿ.